ಕಂತಿನ ಪಿಂಚಣಿಯೂ ಕರನೀತಿಯೂ

ದುಡಿಯುವ ಕಾಲದಲ್ಲಿ ಮಿತವಾಗಿ ಉಂಡು ಮಿತವಾಗಿ ಉಟ್ಟು, ಮಕ್ಕಳ ವಿದ್ಯೆ, ಮನೆಯ ಸಾಲ, ಹಿರಿಯರ ಔಷಧೋಪಚಾರ ಇವೆಲ್ಲವನ್ನೂ ನಿರ್ವಹಿಸಿದ ಮೇಲೆ ಉಳಿದುದರಲ್ಲಿ ಒಂದಂಶವನ್ನು ವೃದ್ಧಾಪ್ಯಕ್ಕೆಂದು ಎತ್ತಿಟ್ಟ ಮನುಷ್ಯನು, ಆ ಸಂಚಯವನ್ನು ಬಳಸುವ ಕಾಲ ಬಂದಾಗ, ತನ್ನ ಆಯುಸ್ಸಿನ ಉದ್ದವನ್ನು ತಾನರಿಯನೆಂಬ ವಿವೇಕದಿಂದ ತಿಂಗಳಿಗಿಷ್ಟು, ವರ್ಷಕ್ಕಿಷ್ಟು ಎಂದು ಹಂತ ಹಂತವಾಗಿ ಪಡೆಯಲಿಚ್ಛಿಸಿದರೆ, ಅಂಥವನಿಗೆ ರಾಜ್ಯದ ಶಾಸನವು ಅನುಕೂಲವಾಗಿರಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ನಮ್ಮ ಆದಾಯ ತೆರಿಗೆಯ ಕಾನೂನು, ಖಾಸಗಿಯಾಗಿ ಕೂಡಿಟ್ಟ ಪಿಂಚಣಿಯ ಹಣವನ್ನು ಒಟ್ಟಾಗಿ ಪಡೆದವನಿಗೆ ಉದಾರವಾಗಿಯೂ, ಅದನ್ನೇ ಜೀವಮಾನದ ಪಿಂಚಣಿಯಾಗಿ ಮಾರ್ಪಡಿಸಿಕೊಂಡವನಿಗೆ ಕಠಿಣವಾಗಿಯೂ ವರ್ತಿಸುತ್ತಿದೆ. ಈ ತಾರತಮ್ಯವು ಅನ್ಯಾಯವೆಂದೂ, ಇದನ್ನು ತಿದ್ದುವುದು ಕಷ್ಟಸಾಧ್ಯವಲ್ಲವೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ಅರಿಯೋಣ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯು, ಎಂದರೆ ಜನರ ಬಾಯಲ್ಲಿ ಎನ್‌ಪಿಎಸ್ ಎನಿಸಿಕೊಂಡಿರುವುದು, 2004ರ ಜನವರಿ 1ರಿಂದ ಸೇನೆಯನ್ನು ಬಿಟ್ಟು ಕೇಂದ್ರ ಸರ್ಕಾರದ ಸೇವೆಗೆ ಹೊಸದಾಗಿ ಸೇರಿದವರಿಗೆ ಅನ್ವಯವಾಯಿತು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ನೇಮಕವಾದ ನೌಕರರು ಅದರ ವ್ಯಾಪ್ತಿಗೆ ಬಂದರು. 2009ರ ಮೇ 1ರಿಂದ ಅದರ ಬಾಗಿಲು ದೇಶದ ಎಲ್ಲ ನಾಗರಿಕರಿಗೂ ತೆರೆಯಿತು. ಹೀಗೆ ತೆರೆದುದರಿಂದ, ಯಾವ ಸರ್ಕಾರದ ಪಿಂಚಣಿಯನ್ನೂ ನಿರೀಕ್ಷಿಸಲಾಗದ ವಕೀಲ, ವ್ಯಾಪಾರಿ, ದರ್ಜಿ, ಖಾಸಗಿ ಶಾಲೆಯ ಉಪಾಧ್ಯಾಯಿನಿ, ಕಾರ್ಖಾನೆಯ ನೌಕರ ಇವರೆಲ್ಲರೂ ತಮ್ಮ ಹೆಸರಿನಲ್ಲೊಂದು ಖಾತೆಯನ್ನಿಟ್ಟುಕೊಂಡು, ಷೇರು ಮತ್ತು ಸಾಲಪತ್ರಗಳಲ್ಲಿ ತೊಡಗಿಸಲ್ಪಡುವ ಒಂದು ನಿಧಿಗೆ ವಂತಿಗೆಯನ್ನು ಕೊಡುತ್ತ ಬರಲು ಅವಕಾಶವಾಯಿತು. ಅರವತ್ತು ವರ್ಷ ತುಂಬಿದಾಗ ಬೆಳೆದು ನಿಂತ ಇಡುಗಂಟಿನಲ್ಲಿ ಹೆಚ್ಚೆಂದರೆ ಶೇಕಡ 60ರಷ್ಟನ್ನು ನಗದಾಗಿ ಪಡೆಯಬಹುದು, ಉಳಿದ ಶೇಕಡ 40ರಿಂದ ವಿಮಾ ಕಂಪನಿಯೊಂದರ ಆನ್ಯುಟಿಯನ್ನು, ಅಂದರೆ ಬದುಕಿರುವ ತನಕ ಬರುವ ನಿಗದಿತ ಪಿಂಚಣಿಯನ್ನು ಕೊಳ್ಳಬೇಕು ಎಂಬುದು ದೀರ್ಘಕಾಲ ನಡೆದುಬಂದ ನಿಯಮ.

ಈ ಎರಡು ಭಾಗಗಳಿಗೆ ತೆರಿಗೆಯು ಎರಡು ಬಗೆಯಾಗಿ ತಗಲುತ್ತದೆ. ನಗದಾಗಿ ಪಡೆದ ಶೇಕಡ 60ಕ್ಕೆ, 1961ರ ಆದಾಯ ತೆರಿಗೆ ಕಾಯ್ದೆಯ 10(12ಎ) ವಿಧಿಯಂತೆ, ಪೂರ್ಣ ವಿನಾಯಿತಿಯುಂಟು. ಆನ್ಯುಟಿಯನ್ನು ಕೊಳ್ಳಲು ಹೋದ ಶೇಕಡ 40ಕ್ಕೆ ಕೊಳ್ಳುವ ದಿನ ತೆರಿಗೆಯಿಲ್ಲ. ಆದರೆ ಅದರಿಂದ ತಿಂಗಳು ತಿಂಗಳಿಗೆ ಬರುವ ಪಿಂಚಣಿಯಷ್ಟೂ ಆಯಾ ವರ್ಷದ ಆದಾಯಕ್ಕೆ ಸೇರಿ, ಆದಾಯದ ಹಂತಕ್ಕೆ ತಕ್ಕ ದರದಲ್ಲಿ ತೆರಿಗೆಗೆ ಒಳಗಾಗುತ್ತದೆ. ಚಂದಾದಾರನು ತೀರಿಕೊಂಡು ಖಾತೆಯ ಹಣವು ನಾಮಿನಿಗೆ ಬಂದರೆ ಅದನ್ನು ನಾಮಿನಿಯ ಆದಾಯವೆಂದು ಎಣಿಸುವುದಿಲ್ಲವೆಂಬ ಮಾನವೀಯ ಉಪಬಂಧವೊಂದು ಕಾಯ್ದೆಯಲ್ಲಿದೆ. ಅದಕ್ಕಾಗಿ ಶಾಸನಕರ್ತರನ್ನು ಅಭಿನಂದಿಸಲೇಬೇಕು.

ಶೇಕಡ 60ರ ವಿನಾಯಿತಿಯು ಒಂದೇ ದಿನದಲ್ಲಿ ದೊರೆತುದಲ್ಲ. 2016ಕ್ಕಿಂತ ಮುಂಚೆ ಈ ನಗದಿಗೂ ತೆರಿಗೆಯಿತ್ತು. ಆ ವರ್ಷದ ಮುಂಗಡಪತ್ರವು ಶೇಕಡ 40ಕ್ಕೆ ವಿನಾಯಿತಿಯನ್ನು ಕೊಟ್ಟಿತಾದರೂ ಅದು ನೌಕರಿಯಲ್ಲಿದ್ದವರಿಗೆ ಮಾತ್ರ ಮೀಸಲಾಯಿತು. ಸ್ವಂತ ಉದ್ಯೋಗದಲ್ಲಿದ್ದವರು ಅದೇ ನ್ಯಾಯಕ್ಕಾಗಿ 2018ರ ತನಕ ಕಾಯಬೇಕಾಯಿತು. 2019ರ ತಿದ್ದುಪಡಿಯಿಂದ ಮಿತಿಯು ಶೇಕಡ 60ಕ್ಕೆ ಏರಿತು. ಈ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ: ಈ ನಿಯಮಗಳು ಕಲ್ಲಿನ ಮೇಲೆ ಕೆತ್ತಿದ ಶಾಸನಗಳಲ್ಲ, ಜನರ ಒತ್ತಾಯಕ್ಕೆ ಬಾಗಿ ಬದಲಾಗಬಲ್ಲವು, ಮತ್ತು ಪ್ರತಿ ಬಾರಿಯೂ ಬದಲಾವಣೆಯು ನಗದಿನ ಭಾಗಕ್ಕೇ ಬಂದಿತೇ ಹೊರತು, ಜೀವಮಾನದ ಪಿಂಚಣಿಯ ಭಾಗವನ್ನು ಯಾರೂ ಮುಟ್ಟಲಿಲ್ಲ.

ಈ ನಡುವೆ 2023ರ ಅಕ್ಟೋಬರಿನಲ್ಲಿ ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರವು ಶ್ಲಾಘ್ಯವಾದೊಂದು ಸೌಲಭ್ಯವನ್ನು ತಂದಿತು. ನಗದಾಗಿ ಪಡೆಯಬಹುದಾದ ಶೇಕಡ 60ನ್ನು ಒಂದೇ ಸಲಕ್ಕೆ ಪಡೆಯಬೇಕಾಗಿಲ್ಲ. ಅದನ್ನು ಮಾಸಿಕವಾಗಿಯೋ, ಮೂರು ತಿಂಗಳಿಗೊಮ್ಮೆಯೋ, ಆರು ತಿಂಗಳಿಗೊಮ್ಮೆಯೋ, ವರ್ಷಕ್ಕೊಮ್ಮೆಯೋ ಕಂತುಗಳಾಗಿ, ಆಗಿನ ನಿಯಮದಂತೆ 75 ವರ್ಷ ವಯಸ್ಸಿನ ತನಕ ಪಡೆಯುತ್ತ ಹೋಗಬಹುದಿತ್ತು. ಉಳಿದ ಹಣವು ಆ ತನಕ ನಿಧಿಯಲ್ಲಿಯೇ ಬೆಳೆಯುತ್ತಿರುತ್ತದೆ. ಐವತ್ತು ಲಕ್ಷ ರೂಪಾಯಿಯ ಇಡುಗಂಟಿರುವವನು ಮೂವತ್ತು ಲಕ್ಷವನ್ನು ಹೀಗೆ ಹದಿನೈದು ವರ್ಷಗಳಿಗೆ ಹಂಚಿಕೊಂಡರೆ, ಮುಂದಿನ ಬೆಳವಣಿಗೆಯನ್ನು ಲೆಕ್ಕಕ್ಕೆ ಹಿಡಿಯದೆಯೂ, ತಿಂಗಳಿಗೆ ಸುಮಾರು 16,667 ರೂಪಾಯಿ ಅವನ ಕೈಸೇರುತ್ತದೆ. ವಿನಾಯಿತಿಯ ಶೇಕಡ 60ರೊಳಗಿನದಾದುದರಿಂದ ಅದಕ್ಕೆ ತೆರಿಗೆಯಿಲ್ಲ. ಇಡೀ ಮೊತ್ತವು ಒಂದೇ ದಿನ ಬ್ಯಾಂಕಿನ ಖಾತೆಗೆ ಬಂದು, ಬಂಧುಗಳ ಸಾಲದ ಕೋರಿಕೆಗೂ ಮೋಸಗಾರರ ಪ್ರಲೋಭನೆಗೂ ಗುರಿಯಾಗುವ ಅಪಾಯದಿಂದ ಇದು ವೃದ್ಧನನ್ನು ಕಾಪಾಡುತ್ತದೆ. ಅರವತ್ತನ್ನು ಸಮೀಪಿಸುತ್ತಿರುವ ಪ್ರತಿಯೊಬ್ಬ ಚಂದಾದಾರನೂ ಈ ಮಾರ್ಗವನ್ನು ಗಂಭೀರವಾಗಿ ಪರಿಶೀಲಿಸತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಆದರೆ ಇದರೊಳಗೂ ಒಂದು ಅಸ್ಪಷ್ಟತೆ ಉಳಿದಿದೆ. ಕಾಯ್ದೆಯ ವಿನಾಯಿತಿಯು ಖಾತೆಯನ್ನು ಮುಕ್ತಾಯಗೊಳಿಸುವ ಕಾಲದಲ್ಲಿ ಸಲ್ಲಬೇಕಾದ ಒಟ್ಟು ಮೊತ್ತದ ಶೇಕಡ 60ನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಹಣವನ್ನು ಒಂದೇ ಸಲಕ್ಕೆ ಕೊಡುತ್ತಿದ್ದ ಕಾಲಕ್ಕೆ ಆ ಮಾತು ಸಾಕಾಗಿತ್ತು. ಹದಿನೈದು ವರ್ಷ ಕಂತುಗಳಲ್ಲಿ ಪಡೆಯುವಾಗ, ಆ ಅವಧಿಯಲ್ಲಿ ಉಳಿದ ಹಣಕ್ಕೆ ಸೇರುವ ಬೆಳವಣಿಗೆಯೂ ಅದೇ ವಿನಾಯಿತಿಗೆ ಒಳಪಡುವುದೆಂದು ಶಾಸನವೇ ನೇರವಾದ ವಾಕ್ಯದಲ್ಲಿ ಹೇಳಬೇಕು. ಎಪ್ಪತ್ತರ ವಯಸ್ಸಿನಲ್ಲಿ ತೆರಿಗೆ ಅಧಿಕಾರಿಯ ನೋಟೀಸಿಗೆ ಉತ್ತರ ಬರೆಯುವ ಭಾರವನ್ನು ಯಾವ ವೃದ್ಧನ ಮೇಲೂ ಹೊರಿಸಲಾಗದು.

ಈಗ ಕಠಿಣವಾದ ಭಾಗಕ್ಕೆ, ಎಂದರೆ ಆನ್ಯುಟಿಗೆ ಬರೋಣ. ವಂತಿಗೆ ಕೊಡುವಾಗ ತೆರಿಗೆಯ ಕಡಿತ, ಬೆಳೆಯುವಾಗ ತೆರಿಗೆಯಿಲ್ಲ, ಪಡೆಯುವಾಗ ತೆರಿಗೆ ಎಂಬ ತತ್ತ್ವವು ಅನೇಕ ದೇಶಗಳ ಪಿಂಚಣಿ ನೀತಿಗೆ ಆಧಾರವಾಗಿರುವುದುಂಟು. ಅದರಲ್ಲಿ ತರ್ಕವೂ ಇದೆ, ಏಕೆಂದರೆ ಒಮ್ಮೆ ಮುಂದೂಡಿದ ತೆರಿಗೆಯನ್ನು ಮುಂದೊಮ್ಮೆ ಕೊಡುವುದು ನ್ಯಾಯವೇ. ಹಳೆಯ ತೆರಿಗೆ ಪದ್ಧತಿಯಲ್ಲಿ ಎನ್‌ಪಿಎಸ್ ವಂತಿಗೆಗೆ ಕಡಿತವಿತ್ತು. 2015ರ ಮುಂಗಡಪತ್ರದಿಂದ ಹೆಚ್ಚುವರಿಯಾಗಿ 50,000 ರೂಪಾಯಿಯ ಕಡಿತವೂ ದೊರೆಯಿತು. ಆದರೆ ಇಂದು ಸರ್ಕಾರವೇ ಮುಂದಿಟ್ಟು ಪ್ರೋತ್ಸಾಹಿಸುತ್ತಿರುವ ಹೊಸ ತೆರಿಗೆ ಪದ್ಧತಿಯಲ್ಲಿ, ಮಾಲೀಕನು ಕೊಡುವ ವಂತಿಗೆಗೆ ಕಡಿತವುಂಟೇ ವಿನಾ, ಚಂದಾದಾರನು ತಾನೇ ಕೊಡುವ ವಂತಿಗೆಗೆ ಯಾವ ಕಡಿತವೂ ಇಲ್ಲ. ಮಾಲೀಕನೇ ಇಲ್ಲದ ವಕೀಲನೂ ವ್ಯಾಪಾರಿಯೂ, ಹೀಗಾಗಿ, ತೆರಿಗೆ ತೆತ್ತ ಹಣದಿಂದಲೇ ವಂತಿಗೆಯನ್ನು ಕೊಡುತ್ತಾರೆ. ವೃದ್ಧಾಪ್ಯದಲ್ಲಿ ಅದೇ ಹಣದ ಒಂದು ಪಾಲು ಆನ್ಯುಟಿಯಾಗಿ ಹಿಂದಿರುಗಿದಾಗ ಮತ್ತೊಮ್ಮೆ ತೆರಿಗೆ ತೆರುತ್ತಾರೆ.

ಇದನ್ನು ಅಂಕಿಗಳಲ್ಲಿ ಇಟ್ಟು ನೋಡೋಣ. ದಾವಣಗೆರೆಯ ಒಬ್ಬ ವ್ಯಾಪಾರಿಯು ಹೊಸ ಪದ್ಧತಿಯಲ್ಲಿದ್ದುಕೊಂಡು ವರ್ಷಕ್ಕೊಂದು ಲಕ್ಷದಂತೆ ಇಪ್ಪತ್ತು ವರ್ಷ ವಂತಿಗೆ ಕೊಟ್ಟನೆನ್ನೋಣ. ಅವನ ಸ್ವಂತ ಅಸಲು ಇಪ್ಪತ್ತು ಲಕ್ಷ. ಅದು ಬೆಳೆದು ಐವತ್ತು ಲಕ್ಷವಾಯಿತೆಂದು ಊಹಿಸಿದರೆ, ಆನ್ಯುಟಿಗೆ ಹೋಗುವ ಇಪ್ಪತ್ತು ಲಕ್ಷದಲ್ಲಿ ಎಂಟು ಲಕ್ಷ ಅವನು ಹಿಂದೆಯೇ ತೆರಿಗೆ ತೆತ್ತು ಇಟ್ಟ ಅಸಲಿನ ಪಾಲು. ಮೂಲಧನವು ವಾರಸುದಾರರಿಗೆ ಹಿಂದಿರುಗದ ಬಗೆಯ ಆನ್ಯುಟಿಯನ್ನು ಅವನು ಆರಿಸಿಕೊಂಡು ಇನ್ನಿಪ್ಪತ್ತು ವರ್ಷ ಬದುಕಿದರೆ, ವರ್ಷಕ್ಕೆ 40,000 ರೂಪಾಯಿಯಂತೆ ಅವನ ಅಸಲೇ ಅವನಿಗೆ ಹಿಂದೆ ಬಂದಂತಾಯಿತು. ಶೇಕಡ 20ರ ಹಂತದಲ್ಲಿರುವವನಾದರೆ, ಆದಾಯವೇ ಅಲ್ಲದ ಈ ಹಣದ ಮೇಲೆ ಸೆಸ್ ಹೊರತಾಗಿಯೂ ವರ್ಷಕ್ಕೆ 8,000 ರೂಪಾಯಿ ತೆರಿಗೆ ತೆರುತ್ತಾನೆ. ಮೊತ್ತವು ದೊಡ್ಡದಲ್ಲವೆಂದು ಯಾರಾದರೂ ಹೇಳಬಹುದು. ಆದರೆ ತತ್ತ್ವದ ಭಂಗವು ಮೊತ್ತದಿಂದ ಅಳೆಯತಕ್ಕದ್ದಲ್ಲ. ಹಾಗೆ ನೋಡಿದರೆ, 1961ರ ಕಾಯ್ದೆಯ 80ಸಿಸಿಡಿ ವಿಧಿಯು ಆನ್ಯುಟಿಯನ್ನು ಆದಾಯವೆಂದು ಎಣಿಸುವಾಗ, ಹಿಂದೆ ಕಡಿತ ದೊರೆತಿದ್ದ ಹಣದ ಬಗ್ಗೆಯೇ ಮಾತನಾಡುತ್ತದೆ. ಆದರೆ ಕಡಿತ ದೊರೆತ ವಂತಿಗೆಯಾವುದು, ದೊರೆಯದ ವಂತಿಗೆಯಾವುದು ಎಂದು ವಿಂಗಡಿಸಿ ತೋರಿಸುವ ಲೆಕ್ಕಪತ್ರವು ಚಂದಾದಾರನ ಕೈಯಲ್ಲಿಲ್ಲದಿದ್ದರೆ, ಆ ಸೂಕ್ಷ್ಮವು ಗ್ರಂಥದಲ್ಲಿಯೇ ಉಳಿದು ಆಚರಣೆಗೆ ಬಾರದು.

ಅಸಲನ್ನೂ ಲಾಭವನ್ನೂ ಬೇರ್ಪಡಿಸುವುದು ಆಡಳಿತಕ್ಕೆ ಅಸಾಧ್ಯವೆಂದು ವಾದಿಸುವವರಿಗೆ ನಮ್ಮ ಕಾನೂನೇ ಉತ್ತರವನ್ನು ಕೊಡುತ್ತದೆ. ಮ್ಯೂಚುವಲ್ ಫಂಡಿನಲ್ಲಿ ಹಣವಿಟ್ಟು ತಿಂಗಳಿಗಿಷ್ಟೆಂದು ವ್ಯವಸ್ಥಿತವಾಗಿ ಹಿಂಪಡೆಯುವವನಿಗೆ, ಪ್ರತಿಯೊಂದು ಕಂತಿನಲ್ಲಿಯೂ ಮೊದಲು ಕೊಂಡ ಯೂನಿಟ್ಟುಗಳು ಮೊದಲು ಮಾರಲ್ಪಟ್ಟವೆಂದು ಎಣಿಸಿ, ಕೊಂಡ ಬೆಲೆಯನ್ನು ಕಳೆದು, ಲಾಭದ ಅಂಶದ ಮೇಲೆ ಮಾತ್ರ ತೆರಿಗೆಯನ್ನು ವಿಧಿಸಲಾಗುತ್ತದೆ. ಷೇರು ಆಧಾರಿತ ಫಂಡುಗಳ ದೀರ್ಘಾವಧಿಯ ಲಾಭವಾದರೆ ವರ್ಷಕ್ಕೆ 1.25 ಲಕ್ಷ ರೂಪಾಯಿಯ ತನಕ ಅದೂ ಇಲ್ಲ, ಮೇಲ್ಪಟ್ಟುದಕ್ಕೆ ಶೇಕಡ 12.5 ಮಾತ್ರ. ಕೋಟಿಗಟ್ಟಲೆ ಕಂತುಗಳಿಗೆ ಯಂತ್ರಗಳು ಕ್ಷಣದಲ್ಲಿ ಮಾಡುವ ಈ ಲೆಕ್ಕವನ್ನು ಆನ್ಯುಟಿಗೆ ಮಾಡಲಾಗದೆಂಬುದು ನಂಬತಕ್ಕ ಮಾತಲ್ಲ. ಬ್ರಿಟನ್ನಿನಲ್ಲಿ, ತೆರಿಗೆ ತೆತ್ತ ಸ್ವಂತ ಹಣದಿಂದ ಕೊಂಡ ಜೀವಾವಧಿ ಆನ್ಯುಟಿಯ ಅಸಲಿನ ಅಂಶಕ್ಕೆ 1956ರ ಹಣಕಾಸು ಕಾಯ್ದೆಯಿಂದಲೇ ವಿನಾಯಿತಿಯುಂಟು. ಅದೇ ದೇಶವು 2015ರ ಏಪ್ರಿಲಿನಿಂದ ಖಾಸಗಿ ಪಿಂಚಣಿಯ ಹಣವನ್ನು ಇಚ್ಛೆ ಬಂದ ಪ್ರಮಾಣದಲ್ಲಿ ಹಿಂಪಡೆಯುವ ಸ್ವಾತಂತ್ರ್ಯವನ್ನು ಕೊಟ್ಟು, ಹಾಗೆ ಪಡೆದ ಪ್ರತಿಯೊಂದು ಭಾಗದಲ್ಲಿಯೂ ಕಾಲಂಶವು ತೆರಿಗೆಯಿಂದ ಮುಕ್ತ, ಮುಕ್ಕಾಲಂಶವು ಆದಾಯ ಎಂಬ ಮಾರ್ಗವನ್ನು ಕಲ್ಪಿಸಿತು. ಅಲ್ಲಿಯೂ ದೋಷವಿಲ್ಲದಿಲ್ಲ: ಮೊದಲ ಸಲ ಪಡೆದ ಮೊತ್ತವು ಪ್ರತಿ ತಿಂಗಳೂ ಬರುವುದೆಂದು ಭಾವಿಸಿ ತಾತ್ಕಾಲಿಕ ತೆರಿಗೆ ಸಂಕೇತದಡಿ ಅತಿಯಾಗಿ ತೆರಿಗೆಯನ್ನು ಹಿಡಿದು, ಬಳಿಕ ಅರ್ಜಿ ಹಾಕಿಸಿ ಹಿಂದಿರುಗಿಸುವ ಪರಿಪಾಟಿ ವೃದ್ಧರನ್ನು ಪೀಡಿಸಿದೆ. ನಾವು ಅವರ ವಿಭಜನೆಯ ತತ್ತ್ವವನ್ನು ಸ್ವೀಕರಿಸಿ, ಈ ಪೀಡೆಯನ್ನು ವರ್ಜಿಸಬಹುದು.

ಇನ್ನೊಂದು ತಾರತಮ್ಯವೂ ಗಮನಾರ್ಹ. ಮಾಜಿ ಮಾಲೀಕನಿಂದ, ಅದು ಸರ್ಕಾರವಾಗಲಿ ಸಂಸ್ಥೆಯಾಗಲಿ, ಬರುವ ಪಿಂಚಣಿಯು ಕಾನೂನಿನ ದೃಷ್ಟಿಯಲ್ಲಿ ವೇತನ. ಆದುದರಿಂದ ಅದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಲ್ಲುತ್ತದೆ, ಹೊಸ ಪದ್ಧತಿಯಲ್ಲಿ 75,000 ರೂಪಾಯಿ, ಹಳೆಯದರಲ್ಲಿ 50,000. ವಿಮಾ ಕಂಪನಿಯಿಂದ ಬರುವ ಆನ್ಯುಟಿಯಾದರೋ ಇತರ ಮೂಲಗಳ ಆದಾಯವೆಂಬ ಶೀರ್ಷಿಕೆಗೆ ಸೇರುವುದರಿಂದ ಅದಕ್ಕೆ ಈ ಕಡಿತವಿಲ್ಲ. ಒಂದೇ ಬೀದಿಯಲ್ಲಿ ವಾಸಿಸುವ ಇಬ್ಬರು ವೃದ್ಧರು, ಒಂದೇ ಮೊತ್ತದ ಪಿಂಚಣಿಯಿಂದ ಒಂದೇ ಅಂಗಡಿಯ ಅಕ್ಕಿಬೇಳೆಯನ್ನೂ ಒಂದೇ ಔಷಧಾಲಯದ ಮಾತ್ರೆಗಳನ್ನೂ ಕೊಳ್ಳುವವರು. ಒಬ್ಬನ ವೃದ್ಧಾಪ್ಯವನ್ನು ರಾಜ್ಯವು ಹೊತ್ತಿತು, ಇನ್ನೊಬ್ಬನು ಯಾರಿಗೂ ಭಾರವಾಗದೆ ತನ್ನ ವೃದ್ಧಾಪ್ಯವನ್ನು ತಾನೇ ಹೊತ್ತುಕೊಂಡನು. ಈ ಎರಡನೆಯವನಿಗೇ ಹೆಚ್ಚಿನ ತೆರಿಗೆಯೆಂಬುದು ಯಾವ ನೀತಿಶಾಸ್ತ್ರಕ್ಕೂ ಒಪ್ಪುವಂಥದಲ್ಲ. ಸೇವೆಯ ಮಧ್ಯದಲ್ಲಿ ಮಕ್ಕಳ ವಿದ್ಯೆಗೋ ಚಿಕಿತ್ಸೆಗೋ ಸ್ವಂತ ವಂತಿಗೆಯ ಕಾಲಂಶವನ್ನು ಹಿಂಪಡೆದಾಗ ದೊರೆಯುವ ವಿನಾಯಿತಿಯೂ, 2017ರಲ್ಲಿ ಬಂದ 10(12ಬಿ) ವಿಧಿಯಲ್ಲಿ, ನೌಕರನಿಗೆಂದೇ ರಚಿತವಾಗಿದೆ. ಸ್ವಂತ ಉದ್ಯೋಗದವನ ಮಕ್ಕಳು ಓದುವುದಿಲ್ಲವೆ, ಅವನ ಮನೆಗೆ ರೋಗ ಬಾರದೆ?

ಇಲ್ಲಿ ಎದುರಾಗುವ ಆಕ್ಷೇಪಗಳನ್ನು ಉಪೇಕ್ಷಿಸುವುದು ಋಜುತ್ವವಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿಯ ತನಕದ ಆದಾಯಕ್ಕೆ ರಿಬೇಟಿನ ಮೂಲಕ ತೆರಿಗೆಯೇ ಇಲ್ಲದಂತಾಗಿರುವಾಗ, ಸಾಮಾನ್ಯ ಪಿಂಚಣಿದಾರನಿಗೆ ಈ ಚರ್ಚೆಯೇ ಅಪ್ರಸ್ತುತವೆಂದು ಕೆಲವರು ಹೇಳುತ್ತಾರೆ. ಅಲ್ಪ ಆದಾಯದವನಿಗೆ ಇದರಿಂದ ದೊಡ್ಡ ಉಪಶಮನವಾಗಿರುವುದು ನಿಜ. ಆದರೆ ರಿಬೇಟೆಂಬುದು ಒಟ್ಟು ಆದಾಯವನ್ನು ಅವಲಂಬಿಸಿದ ಅನುಗ್ರಹ. ವರ್ಷಕ್ಕೆ ಆನ್ಯುಟಿ ಮತ್ತು ಬಡ್ಡಿಯಿಂದ ಒಂಬತ್ತು ಲಕ್ಷ ಪಡೆಯುತ್ತಿದ್ದು ಯಾವ ತೆರಿಗೆಯನ್ನೂ ತೆರದಿದ್ದವನು, ಮಗಳ ಮನೆಗೆಂದೋ ಹೆಂಡತಿಯ ಶಸ್ತ್ರಚಿಕಿತ್ಸೆಗೆಂದೋ ಹಳೆಯ ನಿವೇಶನವೊಂದನ್ನು ಮಾರಿ ಇಪ್ಪತ್ತು ಲಕ್ಷದ ಲಾಭವನ್ನು ಪಡೆದ ವರ್ಷ, ಒಟ್ಟು ಆದಾಯವು ಮಿತಿಯನ್ನು ದಾಟಿದುದರಿಂದ ರಿಬೇಟನ್ನು ಕಳೆದುಕೊಳ್ಳುತ್ತಾನೆ. ಭೂಮಿಯ ಲಾಭಕ್ಕೆ ತೆರುವ ತೆರಿಗೆಯಲ್ಲದೆ, ಆ ಒಂಬತ್ತು ಲಕ್ಷದ ಮೇಲೂ 30,000 ರೂಪಾಯಿ ಹೊಸದಾಗಿ ತೆರಬೇಕಾಗುತ್ತದೆ. ಯಾವ ವರ್ಷ ಯಾವ ಹಣವನ್ನು ಪಡೆಯಬೇಕೆಂಬ ಆಲೋಚನೆ ವೃದ್ಧನಿಗೆ ಎಷ್ಟು ಮುಖ್ಯವೆಂಬುದು ಇದರಿಂದ ವೇದ್ಯವಾಗುತ್ತದೆ. ನಿವೃತ್ತಿಯ ವರ್ಷದಲ್ಲಿಯೇ, ವೇತನವಿನ್ನೂ ಬರುತ್ತಿರುವಾಗಲೇ, ಆನ್ಯುಟಿಯನ್ನು ಆರಂಭಿಸದೆ ಮುಂದೂಡುವುದು ಲೇಸೆಂದು ತಿಳಿದವರು ಹೇಳುವುದೂ ಇದೇ ಕಾರಣಕ್ಕಾಗಿ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ಶೇಕಡ 60ನ್ನು, ಅದರೊಳಗಿನ ಲಾಭವನ್ನೂ ಸೇರಿಸಿ, ತೆರಿಗೆಯಿಂದ ಮುಕ್ತಮಾಡಿದ ರಾಜ್ಯವು, ಉಳಿದ ಶೇಕಡ 40ರ ಪಿಂಚಣಿಗೆ ತೆರಿಗೆ ಕೇಳಿದರೆ ತಪ್ಪೇನೆಂದು ಅರ್ಥಶಾಸ್ತ್ರಜ್ಞನು ಕೇಳಬಹುದು. ಒಟ್ಟು ಮೊತ್ತವನ್ನು ಕೂಡಿ ಕಳೆದು ನೋಡಿದರೆ ಚಂದಾದಾರನು ನಷ್ಟದಲ್ಲಿಲ್ಲವೆಂಬುದು ಅನೇಕ ಪ್ರಸಂಗಗಳಲ್ಲಿ ಸತ್ಯ. ಆದರೆ ಕರನೀತಿಯು ಹಣದ ಮೊತ್ತವನ್ನಷ್ಟೇ ಅಲ್ಲದೆ ಮನುಷ್ಯನ ನಡತೆಯನ್ನೂ ರೂಪಿಸುತ್ತದೆ. ನಗದಿಗೆ ವಿನಾಯಿತಿ, ಪಿಂಚಣಿಗೆ ತೆರಿಗೆ ಎಂದಾಗ, ಜೀವಮಾನದ ಪಿಂಚಣಿಯು ಶಿಕ್ಷೆಯಂತೆಯೂ ನಗದು ಬಹುಮಾನದಂತೆಯೂ ಕಂಡು, ಜನರು ಸಾಧ್ಯವಾದಷ್ಟನ್ನು ಕೈಗೆ ತೆಗೆದುಕೊಂಡು ಬಿಡುತ್ತಾರೆ. ಕಾಲವೂ ಇದಕ್ಕೆ ಪ್ರತಿಕೂಲ: 75ರ ತನಕ ಹಂಚಿಕೊಂಡವನಿಗೆ ಆ ಹೊತ್ತಿಗೆ ತೆರಿಗೆಯಿಲ್ಲದ ಕಂತುಗಳು ಮುಗಿದು, ತೆರಿಗೆಗೊಳಪಟ್ಟ ಆನ್ಯುಟಿಯೊಂದೇ ಉಳಿಯುತ್ತದೆ, ಅದರ ಮೊತ್ತ ಸಾಮಾನ್ಯವಾಗಿ ಸ್ಥಿರವಾದುದರಿಂದ, ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಅದರ ಬೆಲೆ ಅರ್ಧಕ್ಕಿಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಎಂಬತ್ತು ದಾಟಿದವರಿಗೆ ಐದು ಲಕ್ಷದ ಮೂಲ ವಿನಾಯಿತಿಯಿತ್ತು. ಹೊಸ ಪದ್ಧತಿಯಲ್ಲಿ ಇಪ್ಪತ್ತೈದರ ಯುವಕನಿಗೂ ಎಂಬತ್ತೈದರ ವೃದ್ಧನಿಗೂ ಒಂದೇ ನಾಲ್ಕು ಲಕ್ಷ. ದೇಹಶಕ್ತಿ ಕುಂದಿ ಔಷಧದ ಖರ್ಚು ಹೆಚ್ಚುವ ವಯಸ್ಸಿಗೇ ತೆರಿಗೆಯ ಭಾರವನ್ನು ಕೂಡಿಡುವುದು ವಿವೇಕವೆನಿಸದು.

2025ರ ಡಿಸೆಂಬರಿನಲ್ಲಿ ಈ ಅಸಾಂಗತ್ಯಕ್ಕೆ ಇನ್ನೊಂದು ಪದರವು ಸೇರಿತು. ಸರ್ಕಾರೇತರ ಚಂದಾದಾರರು ಇಡುಗಂಟಿನ ಶೇಕಡ 80ರಷ್ಟನ್ನು ನಗದಾಗಿ ಪಡೆದು, ಶೇಕಡ 20ಕ್ಕೆ ಮಾತ್ರ ಆನ್ಯುಟಿಯನ್ನು ಕೊಂಡರೆ ಸಾಕೆಂದು ಪ್ರಾಧಿಕಾರವು ನಿಯಮವನ್ನು ಸಡಿಲಿಸಿತು. ಆ ನಿಯಮವು ಹೊರಬಿದ್ದ ದಿನ ಆದಾಯ ತೆರಿಗೆಯ ವಿನಾಯಿತಿಯಾದರೋ ಶೇಕಡ 60ರಲ್ಲಿಯೇ ನಿಂತಿತ್ತು. ಸರ್ಕಾರದ ಒಂದು ಅಂಗವು ಕೊಡಲನುಮತಿಸಿದುದರ ಮೇಲೆ ಇನ್ನೊಂದು ಅಂಗವು ಯಾವ ನ್ಯಾಯದಿಂದ ವರ್ತಿಸುವುದೆಂಬುದನ್ನು ಪ್ರಜೆಯು ಊಹಿಸುತ್ತ ಕೂರಬೇಕಾದ ಸ್ಥಿತಿ ಎಂದಿಗೂ ಬರಬಾರದು. ಪಿಂಚಣಿಯ ನಿಯಮವೂ ತೆರಿಗೆಯ ನಿಯಮವೂ ಒಂದೇ ದಿನ, ಒಂದೇ ಪ್ರಕಟನೆಯಿಂದ ಬದಲಾಗತಕ್ಕದ್ದು.

ಇಂಥ ವಿಷಯಗಳು ಲೆಕ್ಕಿಗರಿಗೆ ಮಾತ್ರ ಸೇರಿದವೆಂದು ಭಾವಿಸುವವರು 2016ನ್ನು ನೆನೆಯಬೇಕು. ಆ ವರ್ಷದ ಮುಂಗಡಪತ್ರದಲ್ಲಿ ನೌಕರರ ಭವಿಷ್ಯ ನಿಧಿಯ ಇಡುಗಂಟಿನ ಶೇಕಡ 60ಕ್ಕೆ ತೆರಿಗೆಯ ಪ್ರಸ್ತಾಪ ಬಂದು, ದೇಶವ್ಯಾಪಿ ವಿರೋಧದಿಂದ ಮಾರ್ಚ್ 8ರಂದು ಹಿಂತೆಗೆಯಲ್ಪಟ್ಟಿತು. ಅದೇ ವರ್ಷದ ಏಪ್ರಿಲಿನಲ್ಲಿ, ಭವಿಷ್ಯ ನಿಧಿಯ ಮಾಲೀಕರ ಪಾಲನ್ನು 58 ವರ್ಷದ ತನಕ ಹಿಂಪಡೆಯಲಾಗದೆಂಬ ಇನ್ನೊಂದು ನಿಯಮವನ್ನು ಪ್ರತಿಭಟಿಸಿ, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ರಸ್ತೆಗಿಳಿದರು; ಏಪ್ರಿಲ್ 19ರಂದು ಕೇಂದ್ರ ಸರ್ಕಾರವು ಆ ನಿಯಮವನ್ನು ರದ್ದುಗೊಳಿಸಿತು. ತಾನು ಕೂಡಿಟ್ಟ ಹಣವು ಯಾವಾಗ, ಎಷ್ಟು, ಯಾವ ಷರತ್ತಿನ ಮೇಲೆ ತನ್ನ ಕೈಗೆ ಬರುವುದೆಂಬ ಪ್ರಶ್ನೆಯು ಹೊಲಿಗೆ ಯಂತ್ರದ ಮುಂದೆ ದುಡಿಯುವವಳಿಗೆ ಎಷ್ಟು ಜೀವನ್ಮರಣದ ಪ್ರಶ್ನೆಯೆಂಬುದನ್ನು ಆ ದಿನಗಳು ರಾಷ್ಟ್ರಕ್ಕೇ ತಿಳಿಸಿಕೊಟ್ಟವು. ನಾಳೆ ಅದೇ ಹೆಣ್ಣುಮಕ್ಕಳು ಎನ್‌ಪಿಎಸ್ ಖಾತೆಗಳನ್ನು ತೆರೆಯಬೇಕೆಂದು ಬಯಸುವ ಸರ್ಕಾರವು, ಅವರಿಗೆ ಅರ್ಥವಾಗುವ ಮತ್ತು ಅವರು ನಂಬಬಲ್ಲ ಕರನೀತಿಯನ್ನು ಮೊದಲು ರೂಪಿಸಬೇಕು.

ಆದುದರಿಂದ ನಾನು ಆಗ್ರಹಪೂರ್ವಕವಾಗಿ ಮುಂದಿಡುವ ಸಲಹೆಗಳಿವು. ತೆರಿಗೆ ತೆತ್ತ ವಂತಿಗೆಯ ಅಸಲಿನ ಅಂಶವು ಆನ್ಯುಟಿಯಲ್ಲಿ ಹಿಂದಿರುಗಿದಾಗ ಅದಕ್ಕೆ ವಿನಾಯಿತಿ ದೊರೆಯಬೇಕು. ಅದಕ್ಕಾಗಿ ಪ್ರತಿ ಖಾತೆಯ ವಾರ್ಷಿಕ ಪತ್ರಿಕೆಯಲ್ಲಿ ಕಡಿತ ಪಡೆದ ವಂತಿಗೆಯನ್ನೂ ಪಡೆಯದ ವಂತಿಗೆಯನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು. ಆನ್ಯುಟಿಗೂ ಪಿಂಚಣಿಯಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್ ಸಲ್ಲಬೇಕು. ಮಧ್ಯಂತರ ಹಿಂಪಡೆತದ ವಿನಾಯಿತಿಯು ನೌಕರನಿಗೂ ಸ್ವಂತ ಉದ್ಯೋಗದವನಿಗೂ ಸಮಾನವಾಗಬೇಕು. ಕಂತುಗಳಲ್ಲಿ ಪಡೆಯುವ ಅವಧಿಯ ಬೆಳವಣಿಗೆಗೆ ಸ್ಪಷ್ಟವಾದ ವಿನಾಯಿತಿ ಬೇಕು. 1961ರ ಕಾಯ್ದೆಯು ನಿವೃತ್ತವಾಗಿ, 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾಗಿರುವುದರಿಂದ, ಇವನ್ನೆಲ್ಲ ಸರಳವಾದ ಭಾಷೆಯಲ್ಲಿ ಬರೆಯಲು ಇದಕ್ಕಿಂತ ಯೋಗ್ಯವಾದ ಕಾಲವಿಲ್ಲ.

ಈ ಸುಧಾರಣೆಗಳಿಂದ ಬೊಕ್ಕಸಕ್ಕೆ ಕೆಲವಷ್ಟು ಹಣ ಕಡಮೆಯಾದೀತು. ಆದರೆ ತನ್ನ ಹಣದಿಂದ ತಾನೇ ಬಾಳುವ ಪ್ರತಿಯೊಬ್ಬ ವೃದ್ಧನೂ ರಾಜ್ಯದ ಭಾರವನ್ನು ಅಷ್ಟರಮಟ್ಟಿಗೆ ಹಗುರಮಾಡುತ್ತಾನೆ. ಮಕ್ಕಳು ದೂರದೇಶಗಳಲ್ಲಿ ನೆಲಸಿ, ಅವಿಭಕ್ತ ಕುಟುಂಬವು ಚದರುತ್ತಿರುವ ಈ ಕಾಲದಲ್ಲಿ ಅಂಥವರ ಸಂಖ್ಯೆ ಹೆಚ್ಚಬೇಕೆಂಬುದೇ ರಾಜ್ಯದ ಹಿತ. ಮಿತವ್ಯಯದಿಂದ ಕೂಡಿಟ್ಟು ಮಿತವ್ಯಯದಿಂದಲೇ ಬಳಸುವವನನ್ನು, ಒಂದೇ ಸಲಕ್ಕೆ ಪಡೆದು ಮುಗಿಸುವವನಿಗಿಂತ ಕೀಳಾಗಿ ಕಾಣದ ಶಾಸನವನ್ನು ನಾವು ಕೇಳುತ್ತಿದ್ದೇವೆ. ಮುಂದಿನ ಮುಂಗಡಪತ್ರದಲ್ಲಿ ಅದನ್ನು ಕೊಡುವುದು ಹಣಕಾಸು ಮಂತ್ರಾಲಯದ ಕರ್ತವ್ಯ, ಅದಕ್ಕಾಗಿ ಸಂಸತ್ತಿನಲ್ಲಿ ದನಿಯೆತ್ತುವುದು ನಾವು ಆರಿಸಿ ಕಳುಹಿಸಿದ ಸದಸ್ಯರ ಕರ್ತವ್ಯ.